ಕಡಲಾಚೆಯ ಅತ್ತೆಯ ಪಾಲು

"ಗುರುಗಳೇ, ಸುಳ್ಳು ಹೇಳಿ ಸಿಕ್ಕಿಬಿದ್ದವನ ನಾಚಿಕೆ ದೊಡ್ಡದೋ, ಸಿಕ್ಕಿಬೀಳದವನ ನಾಚಿಕೆ ದೊಡ್ಡದೋ?" ಎಂದು ಸುಬ್ರಾಯ ಕೇಳಿದ.

ಕೇಳಿದ್ದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು. ಗುರು ಪರಮಯ್ಯನವರಿಗೆ ಮಠವಿಲ್ಲ, ಪೀಠವಿಲ್ಲ. ಊರವರಿಗೆ ಭಜನೆ ಕಲಿಸುತ್ತಾರೆ. ಉಳಿದ ಹೊತ್ತಿಗೆ ಆ ಬೆಂಚೇ ಪೀಠ. ಅವರ ಮಾತಿನಲ್ಲಿ ಅರ್ಧ ಸುಳ್ಳು, ಯಾವ ಅರ್ಧ ಎಂಬುದು ಅವರಿಗೂ ಗೊತ್ತಿಲ್ಲ ಎಂದು ಊರವರು ಹೇಳುವುದುಂಟು.

ಪ್ರಶ್ನೆ ತನ್ನದಲ್ಲ, ನೆರೆಮನೆಯವನದು ಎಂದು ಸುಬ್ರಾಯ ಸೇರಿಸಿದ. ಅದು ನೆರೆಮನೆಯವನದಾಗಿರಲಿಲ್ಲ. ಹಿಂದಿನ ದಿನ ಭಜನೆಯ ಮಂಗಳಕ್ಕೆ ಅವನು ಒಂದು ಹರಿವಾಣ ಹಾಲುಬಾಯಿ ಒಯ್ದಿದ್ದ. ಅಕ್ಕಿ, ಬೆಲ್ಲ, ಕಾಯಿಹಾಲನ್ನು ಗಂಟೆಗಟ್ಟಲೆ ಮಗುಚಿ ಅದನ್ನು ಮಾಡಿದವಳು ಅತ್ತಿಗೆ. ಯಾರು ಮಾಡಿದ್ದೆಂದು ಎಲ್ಲರೆದುರು ಗುರುಗಳು ಕೇಳಿದಾಗ ಅವನ ನಾಲಿಗೆ ತಾನಾಗಿ "ನಾನೇ" ಎಂದುಬಿಟ್ಟಿತ್ತು. ಎಷ್ಟು ಹೊತ್ತು ಮಗುಚಿದೆ ಎಂದು ಕೇಳಿದ್ದಕ್ಕೆ ಐದು ನಿಮಿಷ ಎಂದಿದ್ದ. ಗುರುಗಳು ತಲೆದೂಗಿ ಇನ್ನೊಂದು ಬಿಲ್ಲೆ ತೆಗೆದುಕೊಂಡಿದ್ದರು. ಅತ್ತಿಗೆ ಹೆಂಗಸರ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮನೆಗೆ ಬಂದ ಮೇಲೆ ಅವಳು ಎಂದಿನಂತೆ ಅವನಿಗೆ ಬಡಿಸಿದಳು. ಮಗುಚಿ ಮಗುಚಿ ಬಲಗೈ ಸೋತಿತ್ತು; ಸಾರಿನ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಬಡಿಸಿದಳು.

ಗುರುಗಳು ಚಹಾವನ್ನು ಸಾಸರಿಗೆ ಸುರಿದುಕೊಂಡರು. "ಇಬ್ಬರನ್ನು ಕೇಳಿದೆ, ಮೂರನೆಯವನನ್ನು ಬಿಟ್ಟೆ. ಅವನ ಕತೆ ನನಗೆ ಗೊತ್ತು. ಯಾಕೆಂದರೆ ನಾನು ಹವಾಯಿ ದ್ವೀಪದ ಅರಮನೆಯಲ್ಲಿ ಅಡುಗೆಗೆ ಯಜಮಾನನಾಗಿದ್ದವನು. ನಾನು ಒಲೆ ಹಚ್ಚಿದ ದಿನ ಅಲ್ಲಿಯ ಬೆಂಕಿಬೆಟ್ಟ ನಾಚಿಕೊಂಡು ಆರಿಹೋಯಿತು" ಎಂದರು. ಒಂದು ಗುಟುಕು ಹೀರಿ, ಅದು ಸುಳ್ಳು, ತಾನು ಹೊನ್ನಾವರದ ಸೇತುವೆಯನ್ನೇ ಸರಿಯಾಗಿ ದಾಟಿದವನಲ್ಲ ಎಂದೂ ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ತಡಿಯ ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಪ್ರಾಯದಲ್ಲಿ ಹಡಗಿನಲ್ಲಿ ಕೆಲಸ ಮಾಡಿದವನು. ಆ ಹಡಗು ಒಮ್ಮೆ ಹವಾಯಿ ದ್ವೀಪದಲ್ಲಿ ನಿಂತಿತು. ಅವನು ಇಳಿದು ದಡದಲ್ಲಿ ಅಡ್ಡಾಡಿದ. ಅಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ಯಾರೋ ಒಬ್ಬಳು ಎಲೆಯ ಮೇಲೆ ಬೆಳ್ಳಗಿನ ಬಿಲ್ಲೆಯೊಂದನ್ನು ಇಟ್ಟು ಕೈಗೆ ಕೊಟ್ಟಳು. ತೆಂಗಿನ ಹಾಲಿನ ಸಿಹಿ. ಹೌಪಿಯಾ ಎಂದು ಹೆಸರು ಹೇಳಿದಳು. ಅವನು ತಿಂದ, ಎಲೆ ಎಸೆದ, ಹಡಗು ಹತ್ತಿದ. ಹೇಗೆ ಮಾಡುತ್ತಾರೆಂದು ಅವನು ಕೇಳಲಿಲ್ಲ. ನೀನು ಯಾರಪ್ಪ ಎಂದು ಅಲ್ಲಿ ಅವನನ್ನೂ ಯಾರೂ ಕೇಳಲಿಲ್ಲ.

ಊರಿಗೆ ಬಂದು ಇಷ್ಟನ್ನೇ ಹೇಳಿದರೆ ಕೇಳುವವರು ಯಾರು? ಕಡಲು ದಾಟಿ ಹೋಗಿ ಒಂದು ಬಿಲ್ಲೆ ತಿಂದು ಬಂದೆ ಎಂದರೆ ಅದೂ ಒಂದು ಸುದ್ದಿಯೇ? ಅವನು ತುಸು ಒಗ್ಗರಣೆ ಹಾಕಿದ. ಆ ದ್ವೀಪದಲ್ಲಿ ಜ್ವರ ಬಂದು ಬಿದ್ದಿದ್ದಾಗ ಒಬ್ಬ ಮುದುಕಿ ತನ್ನನ್ನು ಮನೆಗೆ ಕರೆದೊಯ್ದು ಮಗನಂತೆ ಆರೈಕೆ ಮಾಡಿದಳು ಎಂದ. ಹೊಟ್ಟೆಯಲ್ಲಿ ಹುಟ್ಟಿದವರಿಗೂ ಹೇಳಿಕೊಡದ ಹೌಪಿಯಾವನ್ನು ತನಗೆ ಕಲಿಸಿದಳು ಎಂದ. ತಾನು ಹೊರಟಾಗ ದಡದಲ್ಲಿ ನಿಂತು ಅತ್ತಳು ಎಂದ. ಹೇಳುತ್ತ ಹೇಳುತ್ತ ಅವನಿಗೇ ಕಣ್ಣು ತುಂಬಿ ಬರುತ್ತಿತ್ತು.

ಹೇಳಿದ ಮೇಲೆ ಮಾಡಿ ತೋರಿಸಬೇಕಲ್ಲ. ತೆಂಗಿನಕಾಯಿ ರುಬ್ಬಿ ಹಿಂಡಿದರೆ ಮೊದಲು ಬರುವುದು ದಪ್ಪ ಹಾಲು; ನೀರು ಹಾಕಿ ಮತ್ತೆ ಹಿಂಡಿದರೆ ತೆಳು ಹಾಲು. ತೆಳು ಹಾಲನ್ನು ಕುದಿಸಬೇಕು, ದಪ್ಪ ಹಾಲನ್ನು ಒಲೆಯಿಂದ ಇಳಿಸಿದ ಮೇಲೆಯೇ ಬೆರೆಸಬೇಕು, ಇಲ್ಲವಾದರೆ ಒಡೆಯುತ್ತದೆ. ಕಡಲ ತಡಿಯಲ್ಲಿ ಇದನ್ನು ಯಾರೂ ಕಲಿಯುವುದಿಲ್ಲ, ಹುಟ್ಟುವಾಗಲೇ ತಿಳಿದಿರುತ್ತಾರೆ. ಪಾಯಸಕ್ಕೆ ಮಾಡುವಂತೆ ಅವನು ಹೌಪಿಯಾಕ್ಕೂ ಮಾಡಿದ. ತೆಳು ಹಾಲಿಗೆ ಕೂವೆಗಡ್ಡೆಯ ಹಿಟ್ಟು, ಸಕ್ಕರೆ ಹಾಕಿ ಕಾಯಿಸಿದ. ಅದು ಬಿಗಿಯಾದ ಕೂಡಲೇ ಇಳಿಸಿ ಮೇಲಿಂದ ದಪ್ಪ ಹಾಲು ಸುರಿದ. ಬಿಗಿದದ್ದು ಸಡಿಲಾಯಿತು. ತಟ್ಟೆಯಲ್ಲಿ ಹರಿದಾಡಿತು. ಬಿಲ್ಲೆಯಾಗಲಿಲ್ಲ.

ಅವನೇನೂ ಕಂಗೆಡಲಿಲ್ಲ. ಆ ದ್ವೀಪದಲ್ಲಿ ಇದನ್ನು ಬಟ್ಟಲಿಗೆ ಹಾಕಿಕೊಂಡು ಕುಡಿಯುವುದೇ ಪದ್ಧತಿ ಎಂದ. ಹೋಗಿ ನೋಡಿದವರು ಯಾರಿದ್ದಾರೆ? ತೆಂಗಿನ ಹಾಲು, ಸಕ್ಕರೆ ಬಿದ್ದ ಮೇಲೆ ರುಚಿ ಎಲ್ಲಿ ಹೋಗುತ್ತದೆ? ಊರು ಕುಡಿದು ಚಪ್ಪರಿಸಿತು. ನಾಮಕರಣಕ್ಕೆ, ಸೀಮಂತಕ್ಕೆ, ಮದುವೆಗೆ ಅದನ್ನೇ ಕೇಳಿತು. ಅಡುಗೆಯವರು ಊರಲ್ಲಿ ಬೇರೆಯೂ ಇದ್ದರು, ಹೌಪಿಯಾದವನು ಇವನೊಬ್ಬನೇ.

ಎಲ್ಲರಿಗಿಂತ ಹೆಚ್ಚು ನಂಬಿದವಳು ಅವನ ಹೆಂಡತಿ. ಅವಳು ಮದುವೆಯಾಗಿ ಬರುವಾಗ ಮನೆಯಲ್ಲಿ ಅತ್ತೆ ಇರಲಿಲ್ಲ, ಗೋಡೆಯ ಮೇಲೆ ಪಟ ಮಾತ್ರ ಇತ್ತು. ಗಂಡನ ಜೀವ ಉಳಿಸಿದವಳು ತನಗೆ ಅತ್ತೆಯೇ ಸೈ ಎಂದು ಅವಳು ತೀರ್ಮಾನಿಸಿದಳು. ಹೌಪಿಯಾ ಮಾಡಿದಾಗಲೆಲ್ಲ, ಯಾರೂ ಬಾಯಿಗೆ ಇಡುವ ಮೊದಲೇ, ಒಂದು ಬಟ್ಟಲು ತೆಗೆದು ಪಡುವಣ ಕಿಟಕಿಯಲ್ಲಿ ಕಡಲಿಗೆ ಮುಖವಾಗಿ ಇಡುತ್ತಿದ್ದಳು. ಅದು ಕಡಲಾಚೆಯ ಅತ್ತೆಯ ಪಾಲು. ಮೊದಮೊದಲು ಅಡುಗೆಯವನಿಗೆ ನಗು ಬರುತ್ತಿತ್ತು. ಆಮೇಲೆ ಅವನು ಆ ಕಿಟಕಿಯ ಕಡೆ ನೋಡುವುದನ್ನು ಬಿಟ್ಟ.

ಆ ಊರಲ್ಲಿ ತೆಂಗಿನ ನಾರಿನ ವ್ಯಾಪಾರಿಯೊಬ್ಬನಿದ್ದ. ಪರದೇಶದಿಂದ ನಾರು ಕೊಳ್ಳಲು ಒಬ್ಬ ಅವನಲ್ಲಿಗೆ ಬಂದ. ಜೊತೆಯಲ್ಲಿ ಅವನ ಮುದಿ ತಾಯಿಯೂ ಬಂದಳು. ಹವಾಯಿಯವಳು ಎಂದು ತಿಳಿದದ್ದೇ ತಡ, ವ್ಯಾಪಾರಿ ಅವಳನ್ನು ಅಡುಗೆಯವನ ಮನೆಗೆ ಕರೆತಂದು ಜಗಲಿಯಲ್ಲಿ ಕೂರಿಸಿದ. ಅವಳ ಭಾಷೆ ವ್ಯಾಪಾರಿಗೆ ಬರುತ್ತಿತ್ತು.

"ಮಾರಾಯ, ನಿನ್ನ ತಾಯಿಯ ಊರಿನವರನ್ನೇ ತಂದಿದ್ದೇನೆ. ಇವತ್ತು ನಿನ್ನ ಹೌಪಿಯಾ ಆಗಲಿ. ಇವರು ಮೆಚ್ಚಿದರೆ ನನ್ನ ಮಗಳ ಮದುವೆಗೂ ನೀನೇ" ಎಂದ.

ಅಡುಗೆಯವನು ಮೈ ಸರಿಯಿಲ್ಲ ಎನ್ನೋಣವೆಂದುಕೊಂಡರೆ ಹೆಂಡತಿ ಆಗಲೇ ಕಾಯಿ ತುರಿಯಲು ಕುಳಿತಿದ್ದಳು. ಅವಳ ಮುಖದಲ್ಲಿ ಹಬ್ಬವಿತ್ತು. ಅವನು ಒಲೆ ಹಚ್ಚಿದ. ಮುದುಕಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವನ ಕೈ ತಾನು ಕಲಿತದ್ದನ್ನೇ ಮಾಡಿತು. ತೆಳು ಹಾಲು ಕಾಯಿಸಿತು, ಇಳಿಸಿತು, ದಪ್ಪ ಹಾಲು ಸುರಿಯಿತು. ಸುರಿಯುವಾಗ ಮುದುಕಿಯ ಹುಬ್ಬು ಮೇಲೇರಿದ್ದನ್ನು ಅವನು ನೋಡಿದ. ಅಲ್ಲಿಗೆ ಅವನ ಕತೆ ಮುಗಿದಿತ್ತು. ಅವಳು ಬಾಯಿ ಬಿಡುವುದೊಂದೇ ಬಾಕಿ.

ಅಷ್ಟರಲ್ಲಿ ಹೆಂಡತಿ ಮೊದಲ ಬಟ್ಟಲನ್ನು ಕಿಟಕಿಗೆ ಒಯ್ದಿಟ್ಟು ಕೈ ಮುಗಿದಳು. ಅದೇನು ಎಂದು ಮುದುಕಿ ಕೇಳಿದಳು. ವ್ಯಾಪಾರಿ ವಿವರಿಸಿದ. ಜ್ವರ, ಆರೈಕೆ, ದಡದಲ್ಲಿ ಅತ್ತದ್ದು, ಒಂದನ್ನೂ ಬಿಡಲಿಲ್ಲ. ಮುದುಕಿ ಕಿಟಕಿಯನ್ನು ನೋಡಿದಳು, ಮುಗಿದ ಕೈಗಳನ್ನು ನೋಡಿದಳು, ಕೊನೆಗೆ ಅಡುಗೆಯವನನ್ನು ನೋಡಿದಳು. ಬಟ್ಟಲೆತ್ತಿ ಕುಡಿದಳು. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ತಿಂದಳು. ಆಮೇಲೆ ಹೇಳಿದ ಮಾತನ್ನು ವ್ಯಾಪಾರಿ ಎಲ್ಲರಿಗೂ ತಿಳಿಸಿದ.

"ಆ ಮನೆ ನನಗೆ ಗೊತ್ತು. ಆ ಮನೆಯವರು ಹೀಗೆಯೇ ಮಾಡುತ್ತಾರೆ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವ್ಯಾಪಾರಿ ಅಡುಗೆಯವನ ಬೆನ್ನು ತಟ್ಟಿದ. ಅಡುಗೆಯವನು ಸೌಟು ಹಿಡಿದು ನಿಂತೇ ಇದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ಊರು ಬಿಡಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ.

ಮುದುಕಿ ಹಾಗೆಯೇ ಹೋಗಲಿಲ್ಲ. ತನ್ನ ಕೇರಿಯಲ್ಲಿ ಬೇರೊಂದು ಬಗೆಯಿದೆ, ಸೊಸೆಗೆ ತೋರಿಸಿ ಹೋಗುತ್ತೇನೆ ಎಂದಳು. ಉಳಿದಿದ್ದ ಕಾಯಿಯ ದಪ್ಪ ಹಾಲನ್ನೆಲ್ಲ ತಣ್ಣಗಿರುವಾಗಲೇ ಪಾತ್ರೆಗೆ ಸುರಿದಳು. ಕೂವೆ ಹಿಟ್ಟು, ಸಕ್ಕರೆ ಅದರಲ್ಲೇ ಗಂಟಿಲ್ಲದಂತೆ ಕದಡಿ, ಎಲ್ಲವನ್ನೂ ಒಟ್ಟಿಗೆ ಸಣ್ಣ ಉರಿಗೆ ಇಟ್ಟಳು. ಅಡುಗೆಯವನಿಗೆ ತಡೆಯಲಾಗಲಿಲ್ಲ. ದಪ್ಪ ಹಾಲು ಒಡೆಯುತ್ತದೆ ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಕಲಿಸಿದವಳ ಮನೆಯ ಮಗನಾಗಿದ್ದರೆ ಆ ಮಾತು ಬರುತ್ತಿತ್ತೇ?

ಹಾಲು ಒಡೆಯಲಿಲ್ಲ. ಕೂವೆ ಅದನ್ನು ಹಿಡಿದುಕೊಂಡಿತು. ಮುದುಕಿ ಕೈ ಬಿಡದೆ ತಿರುವಿದಳು. ಅವಳ ಕೈ ಸೋತಾಗ ಹೆಂಡತಿ ತಿರುವಿದಳು. ಅದು ಹೊಳಪೇರಿ ಬಿಗಿದ ಮೇಲೆ ತಟ್ಟೆಗೆ ಹೊಯ್ದು, ತಟ್ಟೆಯನ್ನು ನೀರಿನಲ್ಲಿಟ್ಟು ತಣಿಸಿ, ಚೌಕವಾಗಿ ಕತ್ತರಿಸಿದರು. ಮುದುಕಿ ಬಾಳೆ ಎಲೆಯ ತುಂಡಿನ ಮೇಲೆ ಒಂದು ಬಿಲ್ಲೆಯಿಟ್ಟು ಅಡುಗೆಯವನ ಕೈಗೆ ಕೊಟ್ಟಳು. ಅವನು ಕಚ್ಚಿದ. ಅಂದು ದ್ವೀಪದ ಮದುವೆಯಲ್ಲಿ ತಿಂದದ್ದು ಅದೇ. ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡು ನಿಂತ.

ಹೊರಡುವ ಹೊತ್ತಿಗೆ ಹೆಂಡತಿ ಒಳಗೆ ಹೋಗಿ ತವರಿನವರು ಕೊಟ್ಟಿದ್ದ ಸೀರೆಯನ್ನು ತಂದಳು. ಇನ್ನೂ ಮಡಿಕೆ ಬಿಚ್ಚಿರದ ಸೀರೆ. "ಅತ್ತೆಗೆ ಕೊಡಿ. ಸೊಸೆ ಕಳಿಸಿದ್ದಾಳೆ ಅನ್ನಿ" ಎಂದಳು.

ವ್ಯಾಪಾರಿ ಆ ಮಾತನ್ನು ಮುಟ್ಟಿಸಿದ. ಮುದುಕಿ ಕೂಡಲೇ ಕೈ ಚಾಚಲಿಲ್ಲ. ಅಡುಗೆಯವನ ಕಡೆಗೆ ತಿರುಗಿ ಕಾದಳು. ಬಾಗಿಲು ತೆರೆದಿಟ್ಟು, ಬರುವುದಾದರೆ ಬಾ ಎಂದು ನಿಂತವರ ಹಾಗೆ ಕಾದಳು. ಅಡುಗೆಯವನು ನೆಲ ನೋಡಿದ. ಒಂದು ಮಾತು ಸಾಕಿತ್ತು. ಅದು ಗಂಟಲವರೆಗೆ ಬಂದಿತ್ತು. ವ್ಯಾಪಾರಿ ಎದುರಿಗಿದ್ದ, ಅವನ ಮಗಳ ಮದುವೆ ಎದುರಿಗಿತ್ತು. ಬಂದ ಮಾತು ಬಿಲ್ಲೆಯ ಜೊತೆ ಕೆಳಗಿಳಿಯಿತು. ಆಗ ಮುದುಕಿ ಎರಡೂ ಕೈಗಳಿಂದ ಸೀರೆ ತೆಗೆದುಕೊಂಡು ಎದೆಗೆ ಒತ್ತಿಕೊಂಡು ಹೊರಟುಹೋದಳು.

ಅಡುಗೆಯವನ ಹೆಸರು ಮೊದಲಿಗಿಂತ ದೊಡ್ಡದಾಯಿತು. ದ್ವೀಪದವರೇ ಬಂದು ಮೆಚ್ಚಿ ಹೋದರು ಎಂದು ವ್ಯಾಪಾರಿ ಊರೆಲ್ಲ ಹೇಳಿದ. ಮದುವೆಯೂ ಆಯಿತು, ಬಟ್ಟಲು ಬಟ್ಟಲಾಗಿ ಜನ ಕುಡಿದರು. ಮನೆಯಲ್ಲಿ ಮಾತ್ರ ಹೆಂಡತಿ ಮುದುಕಿಯ ಬಗೆಯಲ್ಲೇ ಮಾಡುತ್ತಾಳೆ. ಬೆಳ್ಳಗಿನ ಚೌಕಗಳು ಅಲುಗದೆ ನಿಲ್ಲುತ್ತವೆ. ಮೊದಲ ಬಿಲ್ಲೆ ಈಗಲೂ ಕಿಟಕಿಗೆ. ಸೀರೆ ಅತ್ತೆಗೆ ಒಪ್ಪಿತೋ ಇಲ್ಲವೋ ಎಂದು ಅವಳು ಒಮ್ಮೊಮ್ಮೆ ಗಂಡನನ್ನು ಕೇಳುತ್ತಾಳೆ. ಆಗ ಅವನು ಏನೋ ಕೆಲಸ ನೆನಪಾದವನಂತೆ ಎದ್ದು ಅಂಗಳಕ್ಕೆ ಹೋಗುತ್ತಾನೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸಾಸರಿನಲ್ಲಿದ್ದ ಚಹಾ ತಣ್ಣಗಾಗಿತ್ತು. ಸುಬ್ರಾಯ ತನ್ನ ಲೋಟವನ್ನು ಮುಟ್ಟಿಯೇ ಇರಲಿಲ್ಲ, ಮೇಲೆ ಕೆನೆ ಕಟ್ಟಿತ್ತು.

"ಕೊನೆಗಾದರೂ ಅವನು ಹೆಂಡತಿಗೆ ಹೇಳಿದನೇ ಗುರುಗಳೇ?" ಎಂದು ಅವನು ಕೇಳಿದ. ಈ ಸಲ ನೆರೆಮನೆಯವನ ಹೆಸರೆತ್ತಲಿಲ್ಲ.

ಗುರುಗಳು ಬೆಂಚಿನಿಂದ ಎದ್ದು ಹೆಗಲ ಮೇಲಿನ ಟವೆಲು ಕೊಡವಿಕೊಂಡರು. ಅದು ಅಡುಗೆಯವನಿಗೆ ಬಿಟ್ಟದ್ದು, ಅವನು ಇನ್ನೂ ಅಂಗಳದಲ್ಲೇ ಇದ್ದಾನೆ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ಮನೆಗೆ ಹೋಗಿ ಅತ್ತಿಗೆಯ ಕೈನೋವು ಈಗ ಹೇಗಿದೆ ಎಂದು ಕೇಳು ಸುಬ್ರಾಯ, ಹೋಗುವ ಮೊದಲು ನನ್ನ ಚಹಾದ ದುಡ್ಡು ಕೊಟ್ಟು ಹೋಗು."