ಆಸ್ಪತ್ರೆಯ ಅಡಿಗಲ್ಲು

ಕೆರೆಯ ಪಕ್ಕದ ಬಯಲಿನಲ್ಲಿ ಆಸ್ಪತ್ರೆಗೆಂದು ನೆಟ್ಟ ಅಡಿಗಲ್ಲು ಒಂಬತ್ತು ವರ್ಷದಿಂದ ಒಂಟಿಯಾಗಿ ನಿಂತಿತ್ತು. ಗೋಡೆ ಮಾತ್ರ ಏಳಲಿಲ್ಲ. ಪ್ರತಿ ಚುನಾವಣೆಗೆ ಮುನ್ನ ಯಾರೋ ಬಂದು ಅದರ ಮೇಲೆ ಹೊಸ ಹೆಸರು ಕೆತ್ತಿಸಿ, ಕಾಯಿ ಒಡೆದು, ಹಾರ ಹಾಕಿ ಹೋಗುತ್ತಿದ್ದರು.

ದಡದಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಅದು ಹೇಳಿತು: “ನನ್ನ ಮೈಮೇಲೆ ಮೂವರು ಮಂತ್ರಿಗಳ ಹೆಸರಿದೆ. ನಿನ್ನ ಮೇಲೆ ಬರೀ ಕೊಳೆ.”

ಒಗೆಯುವ ಕಲ್ಲು ಕೆರಳಿತು. “ನಿನ್ನೆ ಫಕೀರವ್ವನ ಮಗಳನ್ನು ಹೆರಿಗೆ ನೋವಿನಲ್ಲಿ ನಿನ್ನ ಮುಂದೆಯೇ ಟ್ರ್ಯಾಕ್ಟರಿನಲ್ಲಿ ಒಯ್ದರು. ಪಟ್ಟಣ ಮುಟ್ಟುವ ಮೊದಲೇ ಸತ್ತಳು. ನಿನ್ನ ಮಂತ್ರಿಗಳು ಎಲ್ಲಿದ್ದರು?”

“ಆಸ್ಪತ್ರೆ ಅವಳ ಹಕ್ಕು, ಒಪ್ಪುತ್ತೇನೆ. ಆದರೆ ಬಡ ದೇಶ ನೋಡು, ಎಲ್ಲ ಹಂತ ಹಂತವಾಗಿ ಆಗಬೇಕು. ನಾನೇ ಮೊದಲ ಹಂತ.”

ಅಷ್ಟರಲ್ಲಿ ಫಕೀರವ್ವ ಮಗಳ ರಕ್ತದ ಸೀರೆ ಹಿಡಿದು ಬಂದಳು. ಅವಳ ಹಿಂದೆ ಓಣಿಯ ಹೆಂಗಸರು ಹಾರೆ ಹಿಡಿದು ಬಂದರು.

“ಕಿತ್ತ ಹಾಕ್ರವ್ವಾ ಇದನ್ನ! ಸೀರಿ ಒಗಿಯಾಕರೆ ಬರ್ಲಿ!” ಎಂದು ಫಕೀರವ್ವ ಕೂಗಿದಳು.

ಅಡಿಗಲ್ಲನ್ನು ಕಿತ್ತು, ಹೆಸರು ಮೇಲೆ ಬರುವಂತೆ ನೀರಿನಂಚಿಗೆ ಕೆಡವಿದರು. ಫಕೀರವ್ವ ಸೀರೆಯನ್ನು ಎತ್ತಿ ಎತ್ತಿ ಆ ಹೆಸರುಗಳ ಮೇಲೆ ಬಡಿದಳು.

“ಅಯ್ಯೋ, ಹೆಸರು ಅಳಿಸಿಹೋಗುತ್ತದೆ!” ಎಂದು ಅಡಿಗಲ್ಲು ಚೀರಿತು.

“ಹೆದರಬೇಡ,” ಎಂದಿತು ಒಗೆಯುವ ಕಲ್ಲು, “ಅದೂ ಹಂತ ಹಂತವಾಗಿಯೇ ಆಗುತ್ತದೆ.”