ಕೊಡದ ಒಂದು ಚಮಚ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನನಗೆ ಒಳಿತು ಮಾಡಿದವರನ್ನು ದಿನವೂ ಬೆಳಿಗ್ಗೆ ನೆನೆಯುತ್ತೇನೆ. ಅನ್ನ ಇಟ್ಟವರು, ಅಕ್ಷರ ಕಲಿಸಿದವರು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತವರು. ಒಬ್ಬರನ್ನೂ ಬಿಟ್ಟಿಲ್ಲ. ಆದರೂ ಯಾರನ್ನೋ ಮರೆತಿದ್ದೇನೆ ಅನ್ನಿಸುತ್ತದೆ. ಯಾರನ್ನು?"

ಗುರುಗಳು ಈ ಕತೆ ಹೇಳಿದರು.

ಮೊಸರು ಮಾರುವ ಹೆಂಗಸೊಬ್ಬಳಿದ್ದಳು. ಮಗನೂ ಸೊಸೆಯೂ ಗಾರೆ ಕೆಲಸಕ್ಕೆ ಹೋಗುವವರು. ಒಂದೂವರೆ ವರ್ಷದ ಮೊಮ್ಮಗಳು ಇವಳ ಮಡಿಲಲ್ಲೇ ಬೆಳೆಯುತ್ತಿದ್ದಳು.

ಒಮ್ಮೆ ಮಗುವಿಗೆ ಎದೆ ಕಟ್ಟಿತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಪಟ್ಟಣದ ಆಸ್ಪತ್ರೆಗೆ ಒಯ್ದರು. ನ್ಯುಮೋನಿಯಾ ಎಂದರು. ಒಂಬತ್ತು ದಿನ ಆ ಪುಟ್ಟ ಕೈಗೆ ಸೂಜಿ ಹಾಕಿ ಮದ್ದು ಹರಿಸಿದರು. ಹತ್ತನೆಯ ದಿನ ಮಗು ಅಜ್ಜಿಯ ಮೂಗುತಿ ಹಿಡಿದು ಎಳೆಯಿತು. ಅವಳಿಗೆ ನೋವೂ ಆಯಿತು, ನಗುವೂ ಬಂತು. ಹೊರಡುವಾಗ ಆಸ್ಪತ್ರೆಯ ಹೊಸ್ತಿಲಿಗೆ ಹಣೆ ಹಚ್ಚಿದಳು. ಒಳಗೆ ಬರುತ್ತಿದ್ದವರು ಅವಳನ್ನು ದಾಟಲಾರದೆ ನಿಂತರು.

ಮನೆಗೆ ಒಯ್ಯಲು ಒಂದು ಬಾಟಲಿ ಕೊಟ್ಟಿದ್ದರು. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಐದು ದಿನ. ಉಳಿದರೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಐದು ದಿನ ತಪ್ಪದೆ ಕುಡಿಸಿದಳು. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿಯಿತು. ಮಗುವಿನ ಜೀವ ಕಾಯ್ದದ್ದನ್ನು ಚೆಲ್ಲಲು ಕೈ ಬರಲಿಲ್ಲ. ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಳು.

ಹದಿನೈದು ದಿನಕ್ಕೆ ಮಗುವಿಗೆ ನೆಗಡಿಯಾಯಿತು. ಗೂಡಿನಿಂದ ಬಾಟಲಿ ತೆಗೆದು ತೀರ್ಥದ ಹಾಗೆ ಕುಡಿಸಿದಳು. ನೆಗಡಿ ಹೋಯಿತು. ಬಂದ ನೆಗಡಿ ಹೇಗೂ ಹೋಗುತ್ತದೆ. ಮದ್ದಿನಿಂದ ಹೋಯಿತು ಎಂದು ಅವಳು ನಂಬಿದಳು.

ಬಾಟಲಿ ಬರಿದಾದಾಗ ಮದ್ದಿನಂಗಡಿಯವನು ಅಂಥದೇ ಇನ್ನೊಂದು ಕೊಟ್ಟ. ಡಾಕ್ಟರ ಚೀಟಿ ಕೇಳಲಿಲ್ಲ. ಅವನ ಮನೆಗೆ ಮೊಸರು ಹಾಕುವವಳು ಅವಳೇ. ಆಮೇಲೆ ಕೇರಿಯಲ್ಲಿ ಯಾವ ಮಗು ಕೆಮ್ಮಿದರೂ ಕರೆದು ಒಂದು ಚಮಚ ಕುಡಿಸಿದಳು. ತನಗೆ ದೊರೆತದ್ದು ನಾಲ್ಕು ಮಕ್ಕಳಿಗೂ ದೊರೆಯಲಿ ಎಂಬುದು ಅವಳ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ.

ಮೂರು ತಿಂಗಳು ಕಳೆಯಿತು. ಮೊಮ್ಮಗಳಿಗೆ ಮತ್ತೆ ಜ್ವರ. ಉಚ್ಚೆ ಹೊಯ್ಯುವಾಗ ಕಿರುಚಿಕೊಳ್ಳುತ್ತಿದ್ದಳು. ಅಜ್ಜಿ ಬಾಟಲಿ ತೆಗೆದಳು. ಒಂದು ದಿನ ಕುಡಿಸಿದಳು, ಎರಡು ದಿನ ಕುಡಿಸಿದಳು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಮಗು ಕರೆದರೂ ಕಣ್ಣು ತೆರೆಯಲಿಲ್ಲ. ಮತ್ತೆ ಅದೇ ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಮೂತ್ರವನ್ನು ಪರೀಕ್ಷೆಗೆ ಕಳಿಸಿ, ಒಂದು ಮದ್ದು ಕೊಟ್ಟು ನೋಡಿದರು. ರೋಗ ಬಗ್ಗಲಿಲ್ಲ. ಪರೀಕ್ಷೆಯ ಕಾಗದ ಬಂದ ಮೇಲೆ ಬೇರೆ ಮದ್ದು ಕೊಟ್ಟರು. ಆ ಕಾಗದದಲ್ಲಿ ಕೆಲಸಕ್ಕೆ ಬರುವ ಮದ್ದುಗಳು ಎರಡೇ ಉಳಿದಿದ್ದವು. ಒಂದಕ್ಕೆ ರೋಗ ಬಗ್ಗಿತು. ಮಗು ಎದ್ದು ಕುಳಿತು ಗಂಜಿ ಕೇಳಿತು.

ಆಗ ಡಾಕ್ಟರಮ್ಮ ಅಜ್ಜಿಯನ್ನು ಕೂರಿಸಿಕೊಂಡು, ಬಾಟಲಿಯ ವಿಷಯವನ್ನೆಲ್ಲ ಕೇಳಿ ತಿಳಿದು, ಹೇಳಿದರು: "ಮೂತ್ರದ ದಾರಿಗೆ ಇಳಿದ ಈ ಕ್ರಿಮಿ ಮಗುವಿನ ಕರುಳಿನಲ್ಲೇ ಇತ್ತಮ್ಮ. ಮೊದಲ ಸಲ ನಾವು ಕೊಟ್ಟ ಮದ್ದು ಕೆಟ್ಟ ಕ್ರಿಮಿಗಳ ಜೊತೆಗೆ ಹೊಟ್ಟೆಯ ಒಳ್ಳೆಯವನ್ನೂ ಕೊಂದಿತು. ಬೇರೆ ದಾರಿ ಇರಲಿಲ್ಲ. ಮದ್ದಿಗೆ ಜಗ್ಗದ ಕೆಲವು ಉಳಿದುಕೊಂಡವು. ಆಸ್ಪತ್ರೆಯಿಂದ ಮನೆಗೆ ಹೋಗುವ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಅಂಥವು ಇರುತ್ತವೆ. ಸುಮ್ಮನೆ ಬಿಟ್ಟರೆ ಒಳ್ಳೆಯವು ಮತ್ತೆ ಬೆಳೆದು ಅವುಗಳಿಗೆ ಜಾಗವಿಲ್ಲದ ಹಾಗೆ ಮಾಡುತ್ತವೆ. ನೀವು ಬಿಡಲಿಲ್ಲ."

ಅವಳು ಕೇಳಿದಳು: "ಗಡಿಗೆಗೆ ಕುದಿನೀರು ಹೊಯ್ದರೆ ಒಳಗಿನ ಒಳ್ಳೆಯ ಹುಳಿಯೂ ಸಾಯುತ್ತದೆ. ಹಾಲು ಹೊಯ್ದರೆ ಮೊಸರಾಗುವುದಿಲ್ಲ, ಲೋಳೆಯಾಗುತ್ತದೆ. ಹಾಗೆಯೇ ಏನಮ್ಮಾ?"

"ಹಾಗೆಯೇ. ನೀವು ವಾರಕ್ಕೊಮ್ಮೆ ಕುದಿನೀರು ಹೊಯ್ಯುತ್ತಿದ್ದರೆ ಮೊಸರು ಹೆಪ್ಪುಗಟ್ಟುವುದು ಯಾವಾಗ?"

"ಹಾಗಾದರೆ ಮೊದಲ ಸಲದ ಮದ್ದೂ ಕೆಟ್ಟದ್ದೇ?"

"ಅದಿಲ್ಲದಿದ್ದರೆ ಈ ಮಗು ಇವತ್ತು ನಿಮ್ಮ ಸೆರಗು ಜಗ್ಗುತ್ತಿರಲಿಲ್ಲ," ಎಂದರು ಡಾಕ್ಟರಮ್ಮ. ಇನ್ನೊಂದು ಮಾತನ್ನೂ ಹೇಳಿದರು. ಈ ಕ್ರಿಮಿ ಕೈಯಿಂದ ಕೈಗೆ ದಾಟುತ್ತದೆ. ಮಗುವಿನ ಕುಂಡೆ ತೊಳೆದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಇನ್ನೊಂದು ಮಗುವನ್ನು ಎತ್ತಿಕೊಳ್ಳುವ ಮೊದಲು, ಮೊಸರಿನ ಗಡಿಗೆ ಮುಟ್ಟುವ ಮೊದಲು, ಮತ್ತೆ ತೊಳೆಯಬೇಕು.

ಡಾಕ್ಟರಮ್ಮ ಹೇಳಿದಂತೆ ಅವಳು ನಡೆದಳು. ಬಾಟಲಿ ತರುವುದನ್ನು ಬಿಟ್ಟಳು. ಕೇರಿಯ ಮಕ್ಕಳನ್ನು ಕರೆಯುವುದನ್ನೂ ಬಿಟ್ಟಳು. ಮೊಮ್ಮಗಳಿಗೆ ಮತ್ತೆ ನೆಗಡಿಯಾದಾಗ ಮೂರು ದಿನ ಮಡಿಲಲ್ಲಿ ಹಾಕಿಕೊಂಡು ಕುಳಿತಳು. ಗಳಿಗೆಗೊಮ್ಮೆ ಹಣೆ ಮುಟ್ಟಿದಳು. ಪಕ್ಕೆ ನೋಡಿದಳು. ಮದ್ದಿನಂಗಡಿಯ ತನಕ ಒಮ್ಮೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದಳು. ನಾಲ್ಕನೆಯ ದಿನ ಮೂಗು ಬಿಟ್ಟಿತು.

ಪಕ್ಕದ ಮನೆಯಲ್ಲಿ ಒಬ್ಬಳಿಗೆ ಏಳು ತಿಂಗಳ ಕೂಸಿತ್ತು. ಹತ್ತು ವರ್ಷ ಹರಕೆ ಹೊತ್ತು ಪಡೆದ ಕೂಸು. ಅದಕ್ಕೂ ನೆಗಡಿಯಾಯಿತು. ಸೊಂಟದಲ್ಲಿ ಕೂಸನ್ನಿಟ್ಟುಕೊಂಡು ಬಂದಳು.

"ಮೊಸರಕ್ಕಾ, ಆ ಮದ್ದು ಒಂದು ಚಮಚ ಹಾಕು."

"ಇಲ್ಲ."

"ಮುಗಿದಿದ್ದರೆ ತಂದುಕೊಡು. ನಾನು ಹೋದರೆ ಚೀಟಿ ಎಲ್ಲಿ ಅನ್ನುತ್ತಾನೆ. ನಿನ್ನ ಮೊಸರು ತಿಂದವನಿಗೆ ನಿನ್ನನ್ನು ಕೇಳುವಷ್ಟು ಬಾಯಿ ಎಲ್ಲಿದೆ?"

"ತರುವುದಿಲ್ಲ. ನೆಗಡಿಗೆ ಅದು ಬೇಡ. ಹಾಲು ಕುಡಿಸು. ಪಕ್ಕೆ ಒಳಕ್ಕೆ ಹೋದರೆ ಕೂಗು, ಆಸ್ಪತ್ರೆಗೆ ನಾನೇ ಎತ್ತಿಕೊಂಡು ಬರುತ್ತೇನೆ."

ಕೂಸಿನ ಪಕ್ಕೆಯನ್ನು ಒಮ್ಮೆ ನೋಡೋಣ ಎಂದು ಅವಳಿಗೆ ಅನ್ನಿಸಿತು. ಆಗಷ್ಟೇ ಮೊಮ್ಮಗಳ ಕುಂಡೆ ತೊಳೆದು ಬಂದಿದ್ದಳು. ಕೈ ಒಮ್ಮೆ ತೊಳೆದಾಗಿತ್ತು. ಆದರೂ ಬಚ್ಚಲಿಗೆ ಹೋಗಿ ಮತ್ತೆ ಸಾಬೂನು ಹಚ್ಚಿ ತೊಳೆದಳು. ಬಂದು ಕೈ ಚಾಚಿದಳು. ನೆರೆಯವಳು ಕೂಸನ್ನು ಹಿಂದಕ್ಕೆಳೆದುಕೊಂಡಳು.

"ನನ್ನ ಕೂಸನ್ನು ಮುಟ್ಟಲು ಮಡಿಯಾಗಿ ಬರಬೇಕೇನೇ ನೀನು? ಗಡಿಗೆ ಹೊತ್ತು ಬೀದಿ ತಿರುಗುವವಳಿಗೂ ಮಡಿ ಬಂತು! ಕಂಡವರ ಮಕ್ಕಳನ್ನೆಲ್ಲ ಕರೆದು ಕರೆದು ಕುಡಿಸಿದೆಯಲ್ಲ, ನನ್ನದೇನು ಪಾಪ ಮಾಡಿತ್ತು?"

"ಕೊಳೆ ನನ್ನ ಕೈಯದು, ನಿನ್ನ ಕೂಸಿನದಲ್ಲ," ಎಂದಳು ಇವಳು. ನೆರೆಯವಳು ಅಷ್ಟರಲ್ಲಿ ಬೀದಿಗಿಳಿದಿದ್ದಳು.

ಮಾರನೆಯ ದಿನದಿಂದ ಆ ಮನೆಯವರು ಮೊಸರು ಕೊಳ್ಳಲಿಲ್ಲ. ವಾರದಲ್ಲಿ ಇನ್ನೂ ಮೂರು ಮನೆಯವರು ನಿಲ್ಲಿಸಿದರು. ಮಗ ರೇಗಿದ: "ಒಂದು ಚಮಚಕ್ಕೆ ಇಷ್ಟು ಹಟವೇ ಅವ್ವ?" ಅವಳು ಮಾರದೆ ಉಳಿದ ಮೊಸರನ್ನು ಕಡೆಯಲು ಕುಳಿತಳು. ಕೂಸಿನ ನೆಗಡಿ ಹೇಗೂ ಹೋಯಿತು. ಹೋದದ್ದಕ್ಕೆ ಯಾರೂ ಅವಳನ್ನು ನೆನೆಯಲಿಲ್ಲ. ಹೋಗದಿದ್ದರೆ ನೆನೆಯುತ್ತಿದ್ದರು.

ಮಳೆಗಾಲ ಮುಗಿಯಿತು. ಕೂಸು ಗೋಡೆ ಹಿಡಿದು ನಿಲ್ಲತೊಡಗಿತ್ತು. ಒಂದು ಬೆಳಿಗ್ಗೆ ಅದಕ್ಕೆ ಕೆಂಡದಂಥ ಜ್ವರ ಬಂತು. ಉಚ್ಚೆ ಹೊಯ್ಯುವಾಗ ಕಿರುಚಿತು. ಮೊಸರು ಮಾರುವವಳಿಗೆ ಆ ಕಿರುಚಾಟ ಗೊತ್ತಿತ್ತು. ತಲೆಯ ಮೇಲಿನ ಗಡಿಗೆಯನ್ನು ಇಳಿಸಿ ಆ ಮನೆಯ ಬಾಗಿಲಿಗೆ ಓಡಿದಳು. "ತಡ ಮಾಡಬೇಡಿ, ಆಸ್ಪತ್ರೆಗೆ ನಡೆಯಿರಿ," ಎಂದಳು. ನೆರೆಯವಳು ಅವಳ ಮುಖ ನೋಡಲಿಲ್ಲ. ಗಂಡನ ಜೊತೆ ಕೂಸನ್ನೆತ್ತಿಕೊಂಡು ಹೋದಳು.

ನಾಲ್ಕು ದಿನ ಮೊಸರು ಮಾರುವವಳಿಗೆ ಊಟ ಸೇರಲಿಲ್ಲ. ಆ ಕೂಸಿಗೂ ತನ್ನ ಮೊಮ್ಮಗಳ ಹಾಗೆಯೇ ಆದರೆ? ತನ್ನ ಕೈಯಿಂದಲೇ ದಾಟಿ ಹೋಗಿದ್ದರೆ? ಮೊದಲಿನ ದಿನಗಳಲ್ಲಿ, ಏನೂ ತಿಳಿಯದಾಗ, ಆ ಕೂಸನ್ನೂ ಎತ್ತಿ ಆಡಿಸಿದ್ದಳಲ್ಲ?

ಐದನೆಯ ದಿನ ಅವರು ಬಂದರು. ಬಸ್ಸಿಳಿದ ನೆರೆಯವಳು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತ ಬಂದಳು. "ಈ ಮಗುವಿನ ಹೊಟ್ಟೆಯ ಕ್ರಿಮಿಗಳಿಗೆ ಮದ್ದಿನ ರುಚಿಯೇ ಗೊತ್ತಿಲ್ಲ, ಹಳೆಯ ಸಾದಾ ಮದ್ದೇ ಸಾಕಾಯಿತು ಅಂದರು ಡಾಕ್ಟರಮ್ಮ. ಎರಡೇ ದಿನಕ್ಕೆ ಜ್ವರ ಬಿಟ್ಟಿತು. ದೇವರು ದೊಡ್ಡವನು." ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ದೇವರಿಗೆ ಕಾಯಿ ಒಡೆದಳು. ಡಾಕ್ಟರಮ್ಮನಿಗೆ ಸೀರೆ ಕಳಿಸಿದಳು, ಅವರು ಮರಳಿಸಿದರು. ಕೇರಿಗೆಲ್ಲ ಸಕ್ಕರೆ ಹಂಚಿದಳು. ಮೊಸರು ಮಾರುವವಳ ಮನೆಯೊಂದನ್ನು ಬಿಟ್ಟಳು.

ಬಾಗಿಲ ಮುಂದೆಯೇ ಹಾದು ಹೋದಳು. ತಾಯಿಯ ಹೆಗಲ ಮೇಲಿಂದ ಕೂಸು ಹಿಂದಿರುಗಿ ನೋಡಿ ನಕ್ಕಿತು. ಮೊಸರು ಮಾರುವವಳು ಗೋಡೆಗೊರಗಿ ನಿಂತಳು. ಮೊಮ್ಮಗಳು ಬಂದು ಅವಳ ಕಾಲು ತಬ್ಬಿಕೊಂಡಳು. ಅಜ್ಜಿ ಪಟ್ಟಣದ ಆಸ್ಪತ್ರೆಯ ದಿಕ್ಕಿಗೆ ತಿರುಗಿ ಕೈ ಮುಗಿದಳು. ಅಂದು ರಾತ್ರಿ ಹೊಟ್ಟೆ ತುಂಬ ಉಂಡಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಆ ನೆರೆಯವಳು ಕೊನೆಗೂ ಇವಳಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲವೇ?" ಎಂದ.

"ಅವಳ ವಿಷಯ ಬಿಡು," ಎಂದರು ಗುರುಗಳು. "ನಿನ್ನ ಒಳಿತಿಗೆಂದೇ ನಿನಗೆ ಇಲ್ಲ ಅಂದು, ನಿನ್ನಿಂದ ಬೈಸಿಕೊಂಡು ಸುಮ್ಮನಿದ್ದವರ ಹೆಸರು ಒಂದಾದರೂ ನಿನಗೆ ಗೊತ್ತಿದೆಯೇ?"