ಕೆಂಡಗಣ್ಣ ಕೊರಡು ಮುಳುಗಿಸಿದ್ದು

ಹ್ಞೂಂಗುಟ್ಟೋರು ಹತ್ತಿರ ಕೂತ್ಕೊಳ್ಳಿ, ತೂಕಡಿಸೋರು ಗೋಡೆ ಕಡೆ ಹೋಗಿ. ನಡುವೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ನನ್ನ ಬಯ್ಕೋಬೇಡಿ.

ನರಸೀಪುರದಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಕೆಂಡಗಣ್ಣ. ಆಳು ಆರಡಿ, ಬುದ್ಧಿ ಗೇಣಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ! ಹಿಟ್ಟಿನ ಗಿರಣೀಲಿ "ಯಾರು ಬಂದರೂ ಕೂರಿಸು" ಅಂದಿದ್ದಕ್ಕೆ, ಬಂದ ಎಮ್ಮೇನೂ ಕೂರಿಸೋಕೆ ಹೋಗಿ ಒದೆ ತಿಂದ. ಗಿರಣೀಲಿ ಕೆಲಸ ಬಿಡಿಸಿದರು, ಬೇಕರೀಲಿ ಬಿಡಿಸಿದರು, ಗಾಡಿ ತೊಳೆಯೋ ಕಡೆಯೂ ಬಿಡಿಸಿದರು.

"ಅಯ್ಯೋ ನನ್ನ ಕರ್ಮವೇ! ನಾನು ಕಣ್ಣು ಮುಚ್ಚಿದ ಮೇಲೆ ನಿನಗೆ ಒಂದು ತುತ್ತು ಹಾಕೋರು ಯಾರೋ?" ಅಂತ ಚಿಕ್ಕತಾಯಮ್ಮ ಅತ್ತಳು.

"ಮುಚ್ಚಬೇಡ ಕಣವ್ವಾ, ತೆಗೆದೇ ಇರು!" ಅಂದ ಮಗ.

ಇನ್ನೇನು ಮಾಡ್ತಾಳೆ ಪಾಪ? ಗಾಜಿನ ತೊಟ್ಟೀಲಿ ಬಣ್ಣದ ಮೀನು ಮಾರೋ ಮನ್ಸೂರಣ್ಣನ ಅಂಗಡಿಗೆ ಹೋಗಿ ಕೈ ಮುಗಿದಳು. ಮನ್ಸೂರಣ್ಣ ಒಳ್ಳೇ ಮನುಷ್ಯ, ಕೋಪ ಮಾತ್ರ ಮೂಗಿನ ತುದೀಲಿ.

"ನೋಡಿ ತಾಯಮ್ಮ, ಕಲ್ಯಾಣ ಮಂಟಪದ ಸಾವ್ಕಾರರು ದೊಡ್ಡ ತೊಟ್ಟಿ ಮಾಡಿಕೊಡೋಕೆ ಹೇಳಿದ್ದಾರೆ. ಅದು ಮುಗಿಯೋ ತನಕ ನಿಮ್ಮ ಮಗ ಉಳಿದುಕೊಂಡರೆ ಕೆಲಸ ಖಾಯಂ. ಕೆಡಿಸಿದನೋ, ಸೀದಾ ಮನೆಗೆ!"

ಆ ತೊಟ್ಟಿಯೊಳಗೆ ಚೆಂದಕ್ಕೆ ಒಂದು ಕೊರಡು ಇಡಬೇಕಿತ್ತು. ಮೀನು ಅದರ ಸಂದೀಲೆಲ್ಲ ಓಡಾಡ್ತವಲ್ಲ, ಅದಕ್ಕೆ.

"ಲೋ ಕೆಂಡಗಣ್ಣ, ಹೊಳೆಗೆ ಹೋಗು. ವರ್ಷಗಟ್ಟಲೆ ನೀರಲ್ಲಿ ನೆಂದರೂ ಕೊಳೀದೆ ಗಟ್ಟಿಯಾಗಿರೋ ಮರ ತಗೊಂಡು ಬಾ."

ಹೋದ. ನೋಡಿದ. ನೀರಲ್ಲಿ ನೆಂದು ಗಟ್ಟಿಯಾಗಿ ನಿಂತಿತ್ತು ಒಂದು ಗೂಟ. ಕಿತ್ತ! ಅದು ದೋಣಿ ಕಟ್ಟೋ ಗೂಟ. ದೋಣಿ ಹೊರಟುಹೋಯ್ತು, ಒಳಗೆ ಮಲಗಿದ್ದ ಅಂಬಿಗನೂ ಹೊರಟುಹೋದ. ಅವನು ಎದ್ದು ನೋಡಿದರೆ ಊರೇ ಇಲ್ಲ!

"ಥೂ ನಿನ್ನ!" ಅಂತ ಮನ್ಸೂರಣ್ಣ ಬೈದರು. " ಜನ ಬಳಸೋದನ್ನ ಮುಟ್ಟಬಾರದು ಕಣೋ! ಯಾರಿಗೂ ಬೇಡ ಅಂತ ದಂಡೇಲಿ ಬಿದ್ದಿರೋದನ್ನ ಹೊತ್ಕೊಂಡು ಬಾ!"

"ಹಂಗೇ ಆಗಲಿ ಅಣ್ಣಾ."

ಮತ್ತೆ ಹೋದ. ದಂಡೇಲಿ ಮರಿಜವರಯ್ಯ ಅನ್ನೋ ಮುದುಕ ಒಂದು ಸೊಟ್ಟ ಕೊರಡಿನ ಮೇಲೆ ಕೂತಿದ್ದ. ಬೆಳಗ್ಗೆ ಹೆಂಡತಿ ಜೊತೆ ಜಗಳ ಆಡಿ ಬಂದಿದ್ದ.

"ಯಾಕೆ ಅಜ್ಜಾ ಇಲ್ಲಿ?"

"ನಾನು ಯಾರಿಗೂ ಬೇಡವಾದೆ ಕಣೋ ಮಗಾ."

"ಈ ಕೊರಡು?"

"ಇದೂ ನನ್ನ ಹಂಗೇ. ಯಾರಿಗೆ ಬೇಕು?"

ಕೆಂಡಗಣ್ಣನಿಗೆ ಖುಷಿಯೋ ಖುಷಿ! ಎಡಗೈಲಿ ಅಜ್ಜನ್ನ ಎತ್ತಿದ, ಬಲಗೈಲಿ ಕೊರಡು ಎತ್ತಿದ, ಪೇಟೆ ಬೀದೀಲಿ ನಡೆದೇ ಬಿಟ್ಟ. "ಇಳಿಸೋ! ಇಳಿಸೋ!" ಅಂತ ಅಜ್ಜ ಕಿರುಚಿದ. ಅಜ್ಜನ ಹೆಂಡತಿ ಎದುರಿಗೆ ಓಡಿಬಂದಳು. "ಅಯ್ಯೋ, ಅದು ನನ್ನದು! ನನಗೆ ಬೇಕು!" ಅಂತ ಗಂಡನ್ನ ಕಿತ್ಕೊಂಡು ಹೋದಳು. ಆವತ್ತಿಗೆ ಅವರ ಜಗಳ ಮುಗೀತು ಅನ್ನಿ.

ಕೊರಡು ಮಾತ್ರ ಜಿಂಕೆ ಕೊಂಬಿನ ಹಾಗೆ ಬಲು ಚೆನ್ನಾಗಿತ್ತು. ಮನ್ಸೂರಣ್ಣ ಹಣೆ ಚಚ್ಚಿಕೊಂಡು, "ನಿನ್ನ ಬುದ್ಧಿ ಓಡಿಸಬೇಡವೋ! ಗೊತ್ತಿಲ್ಲದ್ದನ್ನ ಗೊತ್ತಿರೋರನ್ನ ಕೇಳಿ ಮಾಡು. ಈಗ ಇದನ್ನ ಮನೆಗೆ ಒಯ್ದು ಉಜ್ಜಿ ತೊಳೆದು ಚೆನ್ನಾಗಿ ಬೇಯಿಸು" ಅಂದರು.

ಬೇಯಿಸೋದು ಯಾರಿಗೆ ಗೊತ್ತು? ಅವ್ವನಿಗೆ ಗೊತ್ತು. ಅವ್ವ ಪಕ್ಕದ ಮನೇಲಿದ್ದಳು. ಗೋಡೆ ಈಚೆಯಿಂದಲೇ ಕೂಗಿದ.

"ಅವ್ವಾ, ಬಲಿತದ್ದು ಬೇಯಬೇಕಾದರೆ ಏನು ಮಾಡಬೇಕು?"

ಹುರುಳಿಕಾಳು ಇರಬೇಕು ಅಂದ್ಕೊಂಡಳು ತಾಯಿ. "ಚಿಟಿಕೆ ಸೋಡ ಹಾಕು! ಹಿಚುಕಿದರೆ ಮೆತ್ತಗಾಗಬೇಕು. ಆಮೇಲೆ ಉಪ್ಪು ಹಾಕಿ ಒಗ್ಗರಣೆ ಕೊಡು!"

ಹಂಡೇಲಿ ಬೇಯಿಸಿದ. ಹಿಚುಕಿದ. ಮೆತ್ತಗಾಗಲಿಲ್ಲ! ಸೋಡ ಹಾಕಿದ. ಹಿಚುಕಿದ. ಮೆತ್ತಗಾಗಲಿಲ್ಲ! ಸೌದೆ ಮುಗೀತು, ಕೂರೋ ಮಣೆ ಉರಿಸಿದ. ಮಣೆ ಮುಗೀತು, ಪೊರಕೆ ಉರಿಸಿದ. ಕೊನೆಗೆ ಸಾಕಾಗಿ ಒಗ್ಗರಣೆ ಕೊಟ್ಟೇಬಿಟ್ಟ. ಬೆಳ್ಳುಳ್ಳಿ ವಾಸನೆ ಹಿಡ್ಕೊಂಡು ಮನ್ಸೂರಣ್ಣನೇ ಬಂದರು.

"ಅಣ್ಣಾ, ಉಪ್ಪು ನೋಡಿ. ಬೇಳೆ ಇಲ್ಲದೆ ಸ್ವಲ್ಪ ತೆಳ್ಳಗಾಯ್ತು."

"ಲೋ ಮಂಕೇ! ಮೆತ್ತಗಾಗಲಿ ಅಂತಲ್ಲ, ಅದರ ಹುಳ ಸಾಯಲಿ, ಬಣ್ಣ ಬಿಡಲಿ ಅಂತ ಬೇಯಿಸೋದು! ಮೊದಲು ಈ ಎಣ್ಣೆ ಜಿಡ್ಡು ತೊಳಿ. ಆಮೇಲೆ ನೀರಲ್ಲಿ ನೆನೆಹಾಕು. ಬಣ್ಣದ ನೀರು ಕಂಡ ತಕ್ಷಣ ಚೆಲ್ಲು, ತಿಳಿನೀರು ತುಂಬು!"

"ಹಂಗೇ ಆಗಲಿ ಅಣ್ಣಾ."

ಚೆಲ್ಲಿದ, ತುಂಬಿದ. ಚೆಲ್ಲಿದ, ತುಂಬಿದ. ನಿಜ ಹೇಳಬೇಕಲ್ಲ, ಬಲು ನಿಯತ್ತಿಂದ ಮಾಡಿದ. ಅಷ್ಟರಲ್ಲಿ ಒಂದಿನ ಸಾವ್ಕಾರರು ಅಂಗಡಿಗೆ ಬಂದರು. ಮನ್ಸೂರಣ್ಣ ಟೀ ತರಿಸಿದರು. ಕೆಂಡಗಣ್ಣ ನೋಡಿದ, ಲೋಟದಲ್ಲಿ ಬಣ್ಣದ ನೀರು! ಚೆಲ್ಲಿದ, ತಿಳಿನೀರು ತುಂಬಿದ. ಸಾವ್ಕಾರರು ಬಾಯಿಗಿಟ್ಟು, "ಇದೇನ್ರೀ ಸಾಬ್ರೇ, ಟೀ ಸಪ್ಪೆ?" ಅಂದರು. ಪುಣ್ಯಕ್ಕೆ ಅವರಿಗೆ ನಗು ಬಂತು.

ಮನ್ಸೂರಣ್ಣನಿಗೆ ಬರಲಿಲ್ಲ. "ಕಂಡಿದ್ದಕ್ಕೆಲ್ಲ ಕೈ ಹಾಕ್ತೀಯಲ್ಲೋ! ಇನ್ನು ಹೇಳಿದ ಜಾಗದಲ್ಲಿ ನಿಂತು ಹೇಳಿದ ಒಂದೇ ಕೆಲಸ ಮಾಡು. ಬೇರೇದಕ್ಕೆ ಕೈ ಹಾಕಿದರೆ ಇವತ್ತೇ ಮನೆಗೆ!"

ಮಂಟಪದಲ್ಲಿ ಮದುವೆ ದಿನ ಬಂತು. ತೊಟ್ಟಿ ಎದೆಯುದ್ದ, ಮಂಚದಗಲ. ನೀರು ತುಂಬಿತ್ತು, ಮೀನು ಬಿಟ್ಟಾಗಿತ್ತು. ಕೊರಡು ಇಟ್ಟರೆ ಬುಳಕ್ ಅಂತ ಮೇಲೆ ಬಂತು! ಇನ್ನೂ ಪೂರಾ ನೀರು ಕುಡಿದಿರಲಿಲ್ಲ.

"ಚಪ್ಪಡಿ ಕಲ್ಲಿಗೆ ಸ್ಕ್ರೂ ಹಾಕಿ ಇದರ ಅಡಿಗೆ ಬಿಗೀಬೇಕು. ಕಲ್ಲು ಕಳಿಸ್ತೀನಿ, ಸ್ಕ್ರೂ ನಾನೇ ತರ್ತೀನಿ. ಅಲ್ಲೀ ತನಕ ಮೇಲೇಳದ ಹಾಗೆ ಅದುಮಿ ಹಿಡ್ಕೊ!" ಅಂತ ಮನ್ಸೂರಣ್ಣ ಓಡಿದರು.

ಕೆಂಡಗಣ್ಣ ಅದುಮಿ ಹಿಡಿದ. ಆಟೋದವನು ಕಲ್ಲು ತಂದು ಪಕ್ಕದಲ್ಲಿಟ್ಟು ಹೋದ. ಕೊರಡಿನ ಮೇಲೆ ಆ ಕಲ್ಲು ಹೇರಿದ್ದರೂ ಸಾಕಿತ್ತು. ಆದರೆ ಬೇರೇದಕ್ಕೆ ಕೈ ಹಾಕಬಾರದಲ್ಲ! ಹಾಕಲಿಲ್ಲ. ಗಂಡಿನ ಕಡೆಯೋರು ಬಂದರು, ಹೆಣ್ಣಿನ ಕಡೆಯೋರು ಬಂದರು, ಮನ್ಸೂರಣ್ಣ ಬರಲಿಲ್ಲ. ಕೆಂಡಗಣ್ಣನ ಕೈ ಮರಗಟ್ಟಿತು, ಹೊಟ್ಟೆ ಹಸೀತು.

ಮುದ್ದೆ ಸಾರು ಕಟ್ಕೊಂಡು ಚಿಕ್ಕತಾಯಮ್ಮ ಬಂದಳು.

"ಬಾರೋ ಮಗಾ, ಉಣ್ಣು."

"ಬಿಟ್ಟರೆ ಇದು ಮೇಲೇಳುತ್ತೆ ಅವ್ವಾ. ಇದು ಮೇಲೆದ್ದರೆ ನನ್ನ ಕೆಲಸ ಹೋಗುತ್ತೆ."

ತಾಯಿ ಬುತ್ತಿ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಭುಜದ ತನಕ ಕೈ ಇಳಿಸಿದಳು. "ನಾನು ಹಿಡ್ಕೋತೀನಿ. ನೀನು ಉಣ್ಣು ನನ್ನಪ್ಪಾ."

ಮಗ ಸುತ್ತ ನೋಡಿದ. ತಟ್ಟೆ ಇಲ್ಲ. ಚಪ್ಪಡಿ ಕಲ್ಲಿನ ಮೇಲೆ ಮುದ್ದೆ ಇಟ್ಕೊಂಡು ಉಣ್ಣೋಕೆ ಕೂತ.

ಮನ್ಸೂರಣ್ಣ ಓಡೋಡಿ ಬಂದು ನೋಡ್ತಾರೆ! ತೊಟ್ಟೀಲಿ ತಾಯಿ ಕೈ, ಕಲ್ಲಿನ ಮೇಲೆ ಮಗನ ಮುದ್ದೆ, ಸುತ್ತ ಮದುವೆ ಮನೆ ಜನ.

"ಯಾ ಅಲ್ಲಾ! ಚಿಕ್ಕತಾಯಮ್ಮ, ಕೈ ಬಿಡಿ! ಕೊರಡು ಹೊರಗೆ ತೆಗೆದು ಕಲ್ಲು ಬಿಗೀಬೇಕು!"

"ಬಿಡಲ್ಲ."

"ಯಾಕಮ್ಮಾ?"

"ನನ್ನ ಮಗನ ಕೆಲಸ ಹೋಗಲ್ಲ ಅಂತ ಮಾತು ಕೊಡಿ ಸಾಬ್ರೇ. ಆಮೇಲೆ ಬಿಡ್ತೀನಿ. ಇಲ್ಲದಿದ್ರೆ ಇಲ್ಲೇ ಹಿಡ್ಕೊಂಡು ಸಾಯ್ತೀನಿ!"

ಜನ ನೋಡ್ತಾ ಇದ್ದರು, ಸಾವ್ಕಾರರು ಮೀಸೆ ಕೆಳಗೆ ನಗ್ತಾ ಇದ್ದರು. ಮನ್ಸೂರಣ್ಣನ ಕಣ್ಣಲ್ಲಿ ನೀರು ಬಂತು, ನಗೂನೂ ಬಂತು. "ಹೋಗಲ್ಲ ತಾಯಿ! ನಾನು ಇರೋ ತನಕ ಇವನ ಕೆಲಸ ಹೋಗಲ್ಲ! ಆಣೆ!"

ಚಿಕ್ಕತಾಯಮ್ಮ ಕೈ ಬಿಟ್ಟಳು. ಬುಳಕ್! ಕೊರಡು ಮೇಲೆದ್ದಿತು.

ಅದನ್ನ ಕಂಡಿದ್ದೇ ಕೆಂಡಗಣ್ಣ, "ಅಯ್ಯೋ, ನನ್ನ ಕೆಲಸ!" ಅಂತ ಕಿರುಚಿ, ಕೈಲಿದ್ದ ಮುದ್ದೆ ಸಮೇತ ಧುಡುಂ ಅಂತ ತೊಟ್ಟಿಗೆ ಹಾರಿ ಕೊರಡಿನ ಮೇಲೆ ಕೂತ. ಉಕ್ಕಿದ ನೀರೆಲ್ಲ ಬೀಗರ ಮೈಮೇಲೆ! ಮೀನು ಬಂದು ಮುದ್ದೆಗೆ ಮುತ್ತಿದವು.

"ಮುಳುಗಿತು ಅಣ್ಣಾ!" ಅಂದ ಕೆಂಡಗಣ್ಣ, ಕತ್ತಿನ ತನಕ ನೀರಲ್ಲಿ ಕೂತು. "ನೀವು ನಿಧಾನವಾಗಿ ಕಲ್ಲು ಬಿಗೀರಿ. ನಾನು ಏಳಲ್ಲ!"